ನಲವತ್ತೈದು ನಿಮಿಷದ ತೀರ್ಪು

ಹಿಂದೆ ನಮ್ಮ ಕಡೆ ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಒಂದು ಹಾಡು ಕೇಳಿ, "ಊರಿಗೆ ಹೋಗಿ ಪತ್ರ ಬರೆಯುತ್ತೇವೆ" ಎಂದು ಎದ್ದು ಹೋಗುತ್ತಿದ್ದರು. ಆ ಪತ್ರ ಬರುವ ತನಕ ಮನೆಮಂದಿಗೆಲ್ಲ ಅಂಚೆಯವನೇ ದೇವರು. ಆ ಪದ್ಧತಿ ಈಗ ದೊಡ್ಡ ತಂತ್ರಜ್ಞಾನ ಕಂಪೆನಿಗಳಲ್ಲಿ ಬಂದು ನೆಲೆಸಿದೆಯೆಂದು ನನಗೆ ತೋರುತ್ತದೆ. ವ್ಯತ್ಯಾಸವಿಷ್ಟೇ: ಅವಲಕ್ಕಿಯಿಲ್ಲ, ಹಾಡಿನ ಬದಲು ಪ್ರೋಗ್ರಾಂ ಬರೆಯಬೇಕು.

ಹೈದರಾಬಾದಿನಲ್ಲಿ ಅಂಥದೊಂದು ಕಂಪೆನಿಯ ಅನ್ನ ಉಣ್ಣುತ್ತ ನನಗೆ ಹದಿನಾಲ್ಕು ವರ್ಷಗಳಾದವು. ಹೊಸಬರ ಸಂದರ್ಶನ ಮಾಡುವುದೂ ನನ್ನ ಕೆಲಸದ ಒಂದು ಭಾಗ. ನಲವತ್ತೈದು ನಿಮಿಷ, ಒಂದೋ ಎರಡೋ ಸಮಸ್ಯೆ. ಅಭ್ಯರ್ಥಿ ಹೇಳಿದ್ದನ್ನೂ ಬರೆದದ್ದನ್ನೂ ನಾನು ಟಿಪ್ಪಣಿ ಮಾಡಬೇಕು. ಬೇಕು-ಬೇಡವೆಂದು ಕೊನೆಗೆ ಹೇಳುವವನು ನಾನಲ್ಲ. ಅವನ ಮುಖವನ್ನೇ ಕಾಣದ ಸಮಿತಿಯೊಂದು ನಾಲ್ಕಾರು ಜನರ ಟಿಪ್ಪಣಿಗಳನ್ನು ಓದಿ ತೀರ್ಮಾನಿಸುತ್ತದೆ. ಮುಖ ನೋಡಿ ಮಣೆ ಹಾಕಬಾರದೆಂಬ ಸದುದ್ದೇಶ ಇದರ ಹಿಂದಿದೆ.

ಹೋದ ವರ್ಷ ಧಾರವಾಡದಿಂದ ಅಕ್ಕ ಫೋನು ಮಾಡಿದಳು. ಅವಳ ಮಗ ಬೇರೊಂದು ಕಂಪೆನಿಯಲ್ಲಿ ಐದು ಸಂದರ್ಶನ ಮುಗಿಸಿ, ಮೂರು ವಾರ ಕಾದು, ಎರಡು ಸಾಲಿನ ನಿರಾಕರಣೆ ಪಡೆದಿದ್ದ. ಕಾರಣ ತಿಳಿಸಿರಲಿಲ್ಲ. "ಎರಡು ದಿನದಿಂದ ಊಟ ಬಿಟ್ಟಾನೋ ತಮ್ಮಾ. ಎಲ್ಲಾ ಬರೋಬ್ಬರಿ ಹೇಳೇನಿ ಅಂತಾನ. ಅವನೊಳಗ ಏನು ಕಡಿಮಿ ಆಗೇದ, ನೀನರ ಹೇಳು" ಎಂದಳು.

ನನಗೆ ಗೊತ್ತಿದ್ದುದನ್ನು ಹೇಳಿದೆ. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬಂಥ ಒಗಟುಗಳನ್ನು ಒಂದು ಕಾಲಕ್ಕೆ ಗೂಗಲ್‌ನವರು ಕೇಳುತ್ತಿದ್ದರು. ಅವು ಬರೀ ಕಾಲಹರಣವೆಂದು, 2013ರಲ್ಲಿ, ಅಲ್ಲಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಅವರೇ ಒಪ್ಪಿಕೊಂಡರು. ಅದಕ್ಕೆ ಮೊದಲು ಆ ಒಗಟು ಬಿಡಿಸಲಾರದೆ ಹಿಂದಿರುಗಿದವರೆಲ್ಲ ದಡ್ಡರೇ? ನಾಲ್ಕು ಸಂದರ್ಶನವಾದರೆ ಶೇಕಡಾ 86ರಷ್ಟು ಭರವಸೆಯಿಂದ ನಿರ್ಧರಿಸಬಹುದು, ಐದನೆಯದರಿಂದ ಹೆಚ್ಚಿನ ಲಾಭವಿಲ್ಲ ಎಂದೂ ಅದೇ ಕಂಪೆನಿ ಲೆಕ್ಕ ಹಾಕಿತು. ಉಳಿದ 14ರ ಅನುಮಾನ ಅವರೇ ಒಪ್ಪಿದ್ದು.

ಇನ್ನೊಂದು ಮಾತು. ಅಯೋಗ್ಯನೊಬ್ಬ ಒಳಗೆ ಬರುವುದಕ್ಕಿಂತ ಯೋಗ್ಯನೊಬ್ಬ ತಪ್ಪಿಹೋದರೂ ಚಿಂತೆಯಿಲ್ಲ ಎಂಬುದು ಇಂಥ ಕಂಪೆನಿಗಳ ಧೋರಣೆ. ಬಾಗಿಲಲ್ಲಿ ಸಾವಿರಾರು ಜನ ನಿಂತಿರುವಾಗ ಅವರಿಗೆ ಅದು ಲಾಭದ ಲೆಕ್ಕ. ತಪ್ಪಿಹೋದವನ ಮನೆಯಲ್ಲಿ ಮಾತ್ರ ಒಲೆ ತಣ್ಣಗಾಗುತ್ತದೆ.

ಒಳಗೆ ಬಂದವರೇನು ಅಮರಪಟ್ಟ ಕಟ್ಟಿಸಿಕೊಂಡರೇ? 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಸುಮಾರು 12,000 ಹುದ್ದೆಗಳನ್ನು ಕಡಿತ ಮಾಡುವುದಾಗಿ ಸಾರಿತು. ಆ ಹುದ್ದೆಗಳಲ್ಲಿದ್ದವರೂ ಇಂಥ ಪರೀಕ್ಷೆಗಳನ್ನು ದಾಟಿಯೇ ಒಳಗೆ ಹೋದವರು. ಕೆಲಸ ಸಿಕ್ಕಾಗ ಅವರ ಯೋಗ್ಯತೆ ಏರಲಿಲ್ಲ, ಹೋದಾಗ ಇಳಿಯಲೂ ಇಲ್ಲ.

ಅಕ್ಕ ಎಲ್ಲವನ್ನೂ ಕೇಳಿ, "ಇದನ್ನ ಅವಗೂ ಹೇಳು" ಎಂದು ಫೋನನ್ನು ಮಗನ ಕೈಗಿತ್ತಳು. ಅವನು ಬಹಳ ಹೊತ್ತು ಸುಮ್ಮನಿದ್ದು, "ಮಾಮಾ, ನೀವೂ ಹಿಂಗ ಯಾರನ್ನರ ಬ್ಯಾಡ ಅಂದೀರೇನು?" ಎಂದು ಕೇಳಿದ. "ಹೂಂ, ಭಾಳ ಮಂದಿಗೆ" ಎಂದೆ. "ಅವರೆಲ್ಲ ದಡ್ಡರಿದ್ರೇನು?" ಎಂದ. ಇಲ್ಲವೆಂದೆ, ಅದು ನಿಜವೂ ಹೌದು. ಅವನಿಗೆ ನನ್ನ ಅಂಕಿ-ಅಂಶಗಳೆಲ್ಲಕ್ಕಿಂತ ಆ ಒಂದು ಉತ್ತರವೇ ಹೆಚ್ಚು ಬೇಕಾಗಿತ್ತೆಂದು ಕಾಣುತ್ತದೆ.

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಥ ಪತ್ರಕ್ಕಾಗಿ ಕಾಯುತ್ತಿದ್ದಾರೆ. ಬೇಡವೆಂದು ಬಂದ ದಿನ, ಎಲ್ಲಿ ತಪ್ಪಿದೆಯೆಂದು ಕೇಳುವುದಕ್ಕೆ ಮುಂಚೆ ಅವರನ್ನು ಊಟಕ್ಕೆ ಕರೆಯಿರಿ.