ಬರೀ ಜ್ಯೂಸ್ ಅಂತ ಕುಡಿದದ್ದು

ಹೋದ ದೀಪಾವಳಿಗೆ ಶಹಾಪುರದ ಗೆಳೆಯನ ಮನೆಗೆ ಹೋಗಿದ್ದೆವು. ಬೆಂಗಳೂರಿನ ಬಾರ್ ಒಂದರಲ್ಲಿ ಕೆಲಸ ಮಾಡುವ ಅವನ ತಮ್ಮ ಹಬ್ಬಕ್ಕೆ ಬಂದಿದ್ದ. ಮಾಳಿಗೆ ಮೇಲೆ ಕೂಡಿಸಿ ಸ್ಟೀಲ್ ಗ್ಲಾಸಿನಲ್ಲಿ ಮೋಸಂಬಿ ರಸ ಕೊಟ್ಟ. "ಸ್ವಲ್ಪ ವೋಡ್ಕಾ ಹಾಕೀನಿ, ಬರೀ ಜ್ಯೂಸ್ ಇದ್ದಂಗ ಅದಣ್ಣ, ಏನೂ ಆಗಂಗಿಲ್ಲ" ಅಂದ. ನಾವು ಕುಡಿಯುವವರಲ್ಲ. ಆದರೂ ಎರಡು ಗ್ಲಾಸ್ ಇಳಿಯಿತು.

ಹೆಸರೇನು ಅಂದರೆ "ಸ್ಕ್ರೂಡ್ರೈವರ್" ಅಂದ. ಗ್ಯಾರೇಜಿನ ಸಾಮಾನೇನೋ ಅಂತ ನಕ್ಕೆವು. ಆಮೇಲೆ ಓದಿದರೆ ಕಥೆ ನಮ್ಮ ದುಡಿಯುವ ಜನರದ್ದೇ ಇದ್ದಂಗ ಇತ್ತು: ಕೊಲ್ಲಿ ಕಡೆ ಎಣ್ಣೆ ಬಾವಿಗಳಲ್ಲಿ ದುಡಿಯುತ್ತಿದ್ದ ಅಮೆರಿಕದ ಕೆಲಸಗಾರರು ಕಿತ್ತಳೆ ರಸಕ್ಕೆ ಕದ್ದು ವೋಡ್ಕಾ ಸುರಿದು, ಚಮಚ ಇಲ್ಲದೆ ಸ್ಕ್ರೂಡ್ರೈವರಿನಿಂದಲೇ ಕಲಸುತ್ತಿದ್ದರಂತೆ. ಹೇಳಿಕೆ ಮಾತು, ಎಷ್ಟು ಖರೆಯೋ. ವೋಡ್ಕಾ ಅನ್ನುವುದು ರಷ್ಯನ್ ಶಬ್ದ, 'ವೋಡಾ' ಅಂದರೆ ನೀರು. ನಮ್ಮ 'ಉದಕ'ಕ್ಕೂ ಅದಕ್ಕೂ ಬೇರು ಒಂದೇ.

ಬಾರಿನ ಲೆಕ್ಕ 50 ಎಂಎಲ್ ವೋಡ್ಕಾ, 100 ಎಂಎಲ್ ಕಿತ್ತಳೆ ರಸ, ಮೇಲೆ ಐಸ್. ಅಷ್ಟೇ. ಹುಡುಗ ಹಾಕಿದ್ದು ಗ್ಲಾಸಿಗೆ 60. ಬಾಟಲಿ ಮೇಲೆ 42.8 ಅಂತ ಬರೆದಿರುತ್ತದೆ, ಅಂದರೆ ನೂರರಲ್ಲಿ ಸುಮಾರು 43 ಪಾಲು ಆಲ್ಕೋಹಾಲ್. ನಾವು ಕುಡಿದ ಎರಡು ಗ್ಲಾಸಿನ ಅಮಲು 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಷ್ಟು. ಬಿಯರ್ ಕಹಿಯಾಗಿ ತಡೆಯುತ್ತದೆ. ಇದು ಸಿಹಿ, ನೀರಡಿಸಿದವರು ಕುಡಿದಂಗ ಗಟಗಟ ಇಳಿಯುತ್ತದೆ. 30 ಎಂಎಲ್ ಪೆಗ್ ಒಂದನ್ನು ಕರಗಿಸಲು ಮೈಗೆ ತಾಸಿಗಿಂತ ಹೆಚ್ಚೇ ಬೇಕು. ನಾವು ಅರ್ಧ ತಾಸಿಗೇ ಬೈಕ್ ಹತ್ತಿದೆವು. ಅಪಘಾತದ ಸುದ್ದಿಯಲ್ಲಿ 'ಕುಡಿದ ಅಮಲಿನಲ್ಲಿ' ಅಂತ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ.

ಹತ್ತಿಗುಡೂರ ದಾಟಿದ ಮೇಲೆ ಹತ್ತಿ ಹೇರಿದ ಟ್ರ್ಯಾಕ್ಟರ್ ಮುಂದಿತ್ತು. ಹಿಂದೆ ಲೈಟ್ ಇಲ್ಲ. ಅದು ನಿಂತಿದೆಯೋ ಹೊರಟಿದೆಯೋ ತಿಳಿಯಲಿಲ್ಲ. ಬ್ರೇಕ್ ಹಿಡಿದೆವು, ಬೈಕ್ ರಸ್ತೆ ಬಿಟ್ಟು ಜಾಲಿಕಂಟಿಗೆ ಹೋಗಿ ಬಿತ್ತು. ಮೊಣಕೈ ತರಚಿತು, ಹೆಚ್ಚೇನಿಲ್ಲ. ತಾಸುಗಟ್ಟಲೆ ಅಲ್ಲೇ ಕೂತು, ಬೈಕ್ ದೂಡಿಕೊಂಡೇ ಮುಂದಿನ ಹೋಟೆಲ್ ತನಕ ನಡೆದೆವು.

ಸುರಪುರಕ್ಕೆ ಬಂದಾಗ ನಡುರಾತ್ರಿ. ಬಾಗಿಲು ತೆಗೆದದ್ದು ಅವ್ವ. ನಮ್ಮಪ್ಪ ಸಾರಾಯಿ ಕುಡಿಯುತ್ತಿದ್ದರು. ಅಗಸಿ ದಾಟುವಷ್ಟರಲ್ಲೇ ಅವ್ವಗೆ ವಾಸನೆ ಗೊತ್ತಾಗುತ್ತಿತ್ತು, ನಮ್ಮನ್ನು ಒಳಗೆ ಕಳಿಸಿಬಿಡುತ್ತಿದ್ದಳು. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ಬಂದ್ ಆದಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು.

ನಾವು ತಲೆ ಎತ್ತಲಿಲ್ಲ. ಅವ್ವ ಹತ್ತಿರ ಬಂದು, ಮೊಣಕೈ ನೋಡಿ, ಅರಿಶಿಣ ತಂದು ಹಚ್ಚಿದಳು.

"ಮೋಸಂಬಿ ವಾಸನಿ ಬರಕತ್ತದ. ಜ್ಯೂಸ್ ಕುಡದು ಬಂದೇನು? ನನಗೂ ಒಂದು ಗ್ಲಾಸ್ ಕಟ್ಟಿಸಿಕೊಂಡು ಬರಬಾರದಿತ್ತೇನು" ಅಂದಳು.