ಕಲ್ಲಿನ ಮದ್ದು, ಸುಣ್ಣದ ಲೆಕ್ಕ

ನನ್ನ ಅಕ್ಕ ಹದಿನಾರು ವರ್ಷಗಳಿಂದ ಪ್ರತಿ ರಾತ್ರಿ ಊಟವಾದ ಮೇಲೆ ಒಂದಿಷ್ಟು ಕಲ್ಲನ್ನು ನುಂಗುತ್ತಾಳೆಂದರೆ ಓದುಗರು ನಗಬಾರದು. ಅವಳ ಮಾತ್ರೆಯ ಹೆಸರು ಲಿಥಿಯಂ. ೧೮೧೭ರಲ್ಲಿ ಸ್ವೀಡನ್ನಿನ ಅರ್ಫ್ವೆಡ್ಸನ್ ಎಂಬಾತ ಈ ಧಾತುವನ್ನು ಖನಿಜಶಿಲೆಯೊಂದರಲ್ಲಿ ಕಂಡುಹಿಡಿದುದರಿಂದ, ಕಲ್ಲೆಂಬರ್ಥದ ಗ್ರೀಕ್ ಪದವೇ ಇದಕ್ಕೆ ಹೆಸರಾಯಿತು. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಬಂಡೆಗಳಲ್ಲಿಯೂ ಅದು ಇದೆಯೆಂದು ಪತ್ರಿಕೆಗಳಲ್ಲಿ ಬಂದಾಗ ಊರೆಲ್ಲ ಬ್ಯಾಟರಿಯ ಮಾತನಾಡಿತು. ನಮ್ಮ ಮನೆಯವರಿಗೆ ಮಾತ್ರ ಅಕ್ಕನ ಮಾತ್ರೆಯ ಡಬ್ಬಿ ನೆನಪಾಯಿತು.

ಅಕ್ಕನದು ಮನಸ್ಸು ಒಮ್ಮೆ ಉಕ್ಕಿ, ಒಮ್ಮೆ ಕುಸಿಯುವ ವ್ಯಾಧಿ. ಉಕ್ಕಿದಾಗ ಮೂರು ಮೂರು ರಾತ್ರಿ ನಿದ್ರೆಯಿಲ್ಲದೆ ಪಾತ್ರೆ ಬೆಳಗುವಳು, ಕಂಡವರಿಗೆಲ್ಲ ಸೀರೆ ಕೊಡಿಸುವಳು. ಕುಸಿದಾಗ ಗೋಡೆಯತ್ತ ಮುಖ ಮಾಡಿ ಮಲಗಿದರೆ ಮಗುವಿನ ಅಳುವೂ ಅವಳಿಗೆ ಕೇಳಿಸದು. ಭಾವನವರು ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಕಛೇರಿಗೆ ಹೋಗುತ್ತಿದ್ದ ದಿನಗಳವು. ೧೯೪೯ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಅನ್ನು ಮೊದಲು ಗಿನಿಹಂದಿಗಳ ಮೇಲೆ ಪರೀಕ್ಷಿಸಿ, ಬಳಿಕ ಉನ್ಮಾದದ ರೋಗಿಗಳಿಗೆ ಕೊಟ್ಟು ಬರೆದ ಲೇಖನದ ಉಪಕಾರ ಕಡಲು ದಾಟಿ ಬಂದು, ಭಾವನವರ ಜೇಬನ್ನು ಹಗುರ ಮಾಡಿತು.

ಹೋದ ವರ್ಷ ಅಕ್ಕನಿಗೆ ಸುಸ್ತು ಹತ್ತಿತು. ತೀರದ ಬಾಯಾರಿಕೆ, ಮಲಬದ್ಧತೆ, ಮೂಳೆಗಳಲ್ಲಿ ನೋವು. ಒಗ್ಗರಣೆಗಿಟ್ಟ ಎಣ್ಣೆಯ ಮುಂದೆ ಏಕೆ ನಿಂತೆನೆಂಬುದೇ ಮರೆತುಹೋಗುವಷ್ಟು ಮಂಕು. "ಮತ್ತೆ ಶುರುವಾಯಿತೇನೋ" ಎಂದು ಬಂಧುಗಳು ಪಿಸುಗುಟ್ಟಿದರು. ಒಬ್ಬ ವೈದ್ಯರೂ ಹಾಗೆಯೇ ತಿಳಿದು ಖಿನ್ನತೆಗೆಂದು ಇನ್ನೊಂದು ಮಾತ್ರೆ ಬರೆದರು. ಅಕ್ಕ ಒಪ್ಪಲಿಲ್ಲ. "ಆ ದುಃಖದ ಜೊತೆ ಸಂಸಾರ ಮಾಡಿದವಳು ನಾನು. ಅದು ಬಾಗಿಲಿಗೆ ಬಂದರೆ ಹೆಜ್ಜೆಯ ಸಪ್ಪಳದಲ್ಲೇ ಗೊತ್ತಾಗುತ್ತೆ. ಇದು ಅದಲ್ಲ ಕಣೋ" ಎಂದಳು.

ಇನ್ನೊಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಲಿಥಿಯಂ ಥೈರಾಯಿಡ್ ಗ್ರಂಥಿಯನ್ನು ಮಂದಗೊಳಿಸಬಲ್ಲದೆಂಬುದು ನಮಗೆ ಗೊತ್ತಿತ್ತು. ಅದಕ್ಕಾಗಿ ಅಕ್ಕ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೇರೊಂದು ಮಾತ್ರೆಯನ್ನು ಸೇವಿಸುತ್ತಲೇ ಇದ್ದಳು. ಈ ಸಲ ಏರಿದ್ದುದು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. ಡೆಸಿಲೀಟರಿಗೆ ಸುಮಾರು ೧೦.೫ ಮಿಲಿಗ್ರಾಮಿನೊಳಗೆ ಇರಬೇಕಾದದ್ದು ೧೧.೬ ಆಗಿತ್ತು.

ಥೈರಾಯಿಡಿನ ಬೆನ್ನಿಗೆ ಅಂಟಿಕೊಂಡು, ಅಕ್ಕಿಕಾಳಿನಷ್ಟೇ ಇರುವ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿವೆ. ಇಂಥ ಸಣ್ಣ ವಸ್ತು ಮೊದಲು ಕಣ್ಣಿಗೆ ಬಿದ್ದುದು ಲಂಡನ್ನಿನ ಮೃಗಾಲಯದಲ್ಲಿ ಸತ್ತ, ನಮ್ಮ ದೇಶದ ಖಡ್ಗಮೃಗವೊಂದರ ಕೊರಳಿನಲ್ಲಿ! ಮನುಷ್ಯನ ಕೊರಳಿನಲ್ಲಿ ಅದನ್ನು ವಿವರಿಸಿದವನು ೧೮೮೦ರಲ್ಲಿ ಸ್ವೀಡನ್ನಿನ ಸ್ಯಾಂಡ್‌ಸ್ಟ್ರಾಮ್. ರಕ್ತದಲ್ಲಿ ಸುಣ್ಣ ಕಡಮೆಯಾದರೆ ಈ ಗ್ರಂಥಿಗಳು ಹಾರ್ಮೋನನ್ನು ಸುರಿಸಿ ಮೂಳೆಗಳಿಂದ ಅದನ್ನು ತರಿಸುತ್ತವೆ, ಸಾಕಾದಾಗ ಸುಮ್ಮನಾಗುತ್ತವೆ. ಬಹುಕಾಲದ ಲಿಥಿಯಂ ಈ "ಸಾಕು" ಎಂಬ ಅರಿವನ್ನೇ ಕೆಲವರಲ್ಲಿ ಕೆಡಿಸುತ್ತದೆ. ಕಣಜ ತುಂಬಿದ್ದರೂ ಸಾಲ ವಸೂಲಿಗೆ ನಿಂತ ಶ್ಯಾನುಭೋಗನಂತೆ ಗ್ರಂಥಿ ಮೂಳೆಯನ್ನು ಸುಲಿಯತೊಡಗುತ್ತದೆ. ಮೂಳೆ ಸವೆಯಬಹುದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಇದಕ್ಕಿಂತ ಕ್ರೂರವಾದದ್ದು ಆ ಮಂಕು ಮತ್ತು ನಿರುತ್ಸಾಹ: ಅದು ಹಳೆಯ ಕಾಯಿಲೆಯ ವೇಷವನ್ನೇ ತೊಟ್ಟು ಬರುತ್ತದೆ. ಮನೋರೋಗಿಯೆಂದು ಒಮ್ಮೆ ಹೆಸರಾದವಳ ಕಾಲುನೋವನ್ನೂ ಜನ ಮನಸ್ಸಿನ ಖಾತೆಗೇ ಬರೆಯುತ್ತಾರೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಲಿಥಿಯಂ ಸೇವಿಸುವವರಿಗೆ ಥೈರಾಯಿಡ್, ಮೂತ್ರಪಿಂಡಗಳ ಜೊತೆಗೆ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಆರು ತಿಂಗಳಿಗೊಮ್ಮೆ ಮಾಡಿಸಬೇಕೆನ್ನುತ್ತದೆ. ಅಕ್ಕನಿಗೆ ಈ ಕೊನೆಯದನ್ನು ಎಷ್ಟೋ ವರ್ಷ ಯಾರೂ ಬರೆದುಕೊಟ್ಟಿರಲಿಲ್ಲ.

"ಹಾಗಾದರೆ ಆ ಹಾಳು ಮಾತ್ರೆ ನಿಲ್ಲಿಸಿಬಿಡಿ" ಎಂಬ ಸಲಹೆ ನಾಲ್ಕೂ ಕಡೆಯಿಂದ ಬಂತು. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಭಯವಿದೆ. ನಿಲ್ಲಿಸಿದರೂ ಸುಣ್ಣ ಇಳಿದೇ ಇಳಿಯುವುದೆಂಬ ಭರವಸೆಯಿಲ್ಲ, ಕೆಟ್ಟ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು ಎಂದರು ವೈದ್ಯರು. ಭಾವನವರು ಎರಡು ದಿನ ಮಾತಾಡಲಿಲ್ಲ. ನಿರ್ಧಾರ ಅಕ್ಕನದೇ. "ಕೊರಳು ಕೊಯ್ಯಲಿ, ಹೊಲಿಗೆ ಹಾಕಲಿ. ತಾರಸಿಗೆ ಮತ್ತೆ ಬೀಗ ಬೀಳೋದು ಬೇಡ" ಎಂದಳು.

ದೀಪಾವಳಿ ಕಳೆದ ಮೇಲೆ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಯಬೇಕು, ವಾಂತಿಭೇದಿಯಾದರೆ ಕೂಡಲೆ ತಿಳಿಸಬೇಕು, ನೋವಿಗೆಂದು ಅಂಗಡಿಯ ಮಾತ್ರೆಯನ್ನು ಕೇಳದೆ ನುಂಗಬಾರದು ಎಂದು ಕಟ್ಟಪ್ಪಣೆಯಾಗಿದೆ. ಅಕ್ಕನ ಅತ್ತೆಯವರಿಗೆ ಇದರಲ್ಲಿ ಅರ್ಥವಾದದ್ದು ಒಂದೇ ಮಾತು. ಎಲೆಯಡಕೆ ತಟ್ಟೆಯಿಂದ ಸುಣ್ಣದ ಡಬ್ಬಿಯನ್ನು ತೆಗೆದು ಎಲ್ಲಿಯೋ ಬಚ್ಚಿಟ್ಟಿದ್ದಾರೆ.