ಕಾನೂನಿನ ತರಗತಿಗೆ ರೋಗಿ ಬಂದ ಬಗೆ

1980ರ ದಶಕದ ಆದಿಭಾಗದಲ್ಲಿ, ಬೆಂಗಳೂರಿನ ಸಂಜೆ ಕಾಲೇಜೊಂದರಲ್ಲಿ ನಾವು ಕಾನೂನನ್ನು ಅಭ್ಯಸಿಸುತ್ತಿದ್ದಾಗ, ವೈದ್ಯಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಇದ್ದ ಸಂಬಂಧವೆಲ್ಲವೂ ಮೋದಿಯವರ ಮೆಡಿಕಲ್ ಜೂರಿಸ್‌ಪ್ರುಡೆನ್ಸ್ ಎಂಬ ದಪ್ಪ ಗ್ರಂಥದ ಎರಡು ರಟ್ಟುಗಳ ನಡುವೆ ಅಡಗಿದ್ದಿತು. ಗಾಯದ ಉದ್ದಗಲ, ವಿಷದ ಲಕ್ಷಣ, ನೇಣಿಗೂ ಕತ್ತು ಹಿಸುಕಿದ್ದಕ್ಕೂ ಇರುವ ಭೇದ, ಮರಣಾನಂತರ ದೇಹ ಸೆಟೆದುಕೊಳ್ಳುವ ಕ್ರಮ, ಇವುಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ದಿನದ ಕೆಲಸ ಮುಗಿಸಿ ಬರುತ್ತಿದ್ದ ವೈದ್ಯರೊಬ್ಬರು ಬಹಳ ಶ್ರದ್ಧೆಯಿಂದ ಬೋಧಿಸುತ್ತಿದ್ದರು. ವೂಂಡ್ ಸರ್ಟಿಫಿಕೇಟಿನ ಒಂದು ಸಾಲಿನಿಂದ ಪಾಟೀಸವಾಲನ್ನು ಕಟ್ಟುವ ವಿದ್ಯೆಯನ್ನು ನನಗೆ ಕಲಿಸಿದವರು ಅವರೇ. ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಆದರೆ ಆ ಪಾಠದಲ್ಲಿ ಮನುಷ್ಯದೇಹವು ಸಾಕ್ಷ್ಯವಾಗಿ ಮಾತ್ರ ಪ್ರವೇಶಿಸುತ್ತಿದ್ದಿತು. ಹಾಸಿಗೆಯಲ್ಲಿ ಮಲಗಿ ನರಳುವವನಿಗೆ ಕಾನೂನು ಏನನ್ನು ಕೊಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

1988ರಲ್ಲಿ ಮಾಧವ ಮೆನನ್ ಅವರ ನೇತೃತ್ವದಲ್ಲಿ ನಮ್ಮ ಊರಿನಲ್ಲಿಯೇ ನ್ಯಾಷನಲ್ ಲಾ ಸ್ಕೂಲಿನ ಪಾಠಗಳು ಆರಂಭವಾಗಿ, ಕಾನೂನಿನ ಅಧ್ಯಯನದ ರೀತಿಯೇ ಬದಲಾಗತೊಡಗಿದ ಕಾಲದಲ್ಲಿ, 1989ರ ಆಗಸ್ಟಿನಲ್ಲಿ, ಪರಮಾನಂದ ಕಟಾರಾ ಪ್ರಕರಣದ ತೀರ್ಪು ಬಂದಿತು. ಕಾರು ಬಡಿದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ದಾರಿಹೋಕನೊಬ್ಬನು ಸಮೀಪದ ಆಸ್ಪತ್ರೆಗೆ ಹೊತ್ತೊಯ್ದರೆ, ಅಲ್ಲಿಯವರು ಇದು ಪೊಲೀಸ್ ಕೇಸೆಂದು, ಇಂಥವನ್ನು ನೋಡಲು ಅಧಿಕಾರವಿರುವ ಸುಮಾರು 20 ಕಿಲೋಮೀಟರ್ ದೂರದ ಬೇರೊಂದು ಆಸ್ಪತ್ರೆಗೆ ಕಳುಹಿಸಿದರು. ಆತನು ದಾರಿಯಲ್ಲಿಯೇ ಅಸುನೀಗಿದನು. ಪ್ರಾಣವುಳಿಸುವುದು ಮೊದಲು, ಪೊಲೀಸರ ಕಾಗದಪತ್ರ ಆಮೇಲೆ ಎಂದು, ಸರ್ಕಾರಿಯೇ ಇರಲಿ ಖಾಸಗಿಯೇ ಇರಲಿ ಪ್ರತಿಯೊಬ್ಬ ವೈದ್ಯನಿಗೂ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 21ನೆಯ ಅನುಚ್ಛೇದದ ಆಧಾರದ ಮೇಲೆ ವಿಧಿಸಿತು. ‘ಎಂ.ಎಲ್.ಸಿ. ಕೇಸು, ಪೊಲೀಸರು ಬರಲಿ’ ಎಂಬ ಮಾತನ್ನು ಕ್ಯಾಷುವಾಲ್ಟಿಯ ಬಾಗಿಲಲ್ಲಿ ನಾನೇ ಎಷ್ಟೋ ಬಾರಿ ಕೇಳಿದ್ದೆನಾದ್ದರಿಂದ, ಅಷ್ಟರಲ್ಲಿ ಅಧ್ಯಾಪಕನಾಗಿದ್ದ ನಾನು ಆ ತೀರ್ಪನ್ನು ತರಗತಿಯಲ್ಲಿ ಓದುವಾಗ ಧ್ವನಿ ಕಂಪಿಸಿತು. ಸಾಕ್ಷ್ಯದ ಪಾಠಕ್ಕೆ ಮೊದಲ ಬಾರಿಗೆ ಜೀವಂತ ರೋಗಿ ಬಂದಿದ್ದನು.

1995ರ ನವೆಂಬರಿನ ಶಾಂತಾ ಪ್ರಕರಣವು ವೈದ್ಯರ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದಾಗ ಆದ ಕೋಲಾಹಲವನ್ನು ಈಗಿನವರು ಊಹಿಸಲಾರರು. ವೈದ್ಯಮಿತ್ರರು ತಮ್ಮನ್ನು ವ್ಯಾಪಾರಿಗಳ ಸಾಲಿನಲ್ಲಿ ಕೂರಿಸಿದರೆಂದು ನೊಂದುಕೊಂಡರು. ನನ್ನ ವ್ಯಥೆ ಬೇರೆಯದಾಗಿದ್ದಿತು: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯನ್ನು ಅದೇ ತೀರ್ಪು ಕಾಯಿದೆಯ ಹೊರಗಿಟ್ಟಿದ್ದರಿಂದ, ಕಾಸು ಕೊಡಲಾರದವನಿಗೆ ಆ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆಯಲಿಲ್ಲ. ಮರುವರ್ಷ, ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಹಾಸಿಗೆಗಾಗಿ ಪಶ್ಚಿಮ ಬಂಗಾಳದ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದ ಕೃಷಿಕಾರ್ಮಿಕ ಹಕೀಂ ಶೇಖನಿಗೆ 25,000 ರೂಪಾಯಿ ಪರಿಹಾರ ವಿಧಿಸಿ, ಹಣದ ಅಭಾವವು ಸರ್ಕಾರಕ್ಕೆ ನೆಪವಾಗದೆಂದು ನ್ಯಾಯಾಲಯ ಹೇಳಿದ ಮೇಲೆಯೇ ನನಗೆ ಕೊಂಚ ಸಮಾಧಾನವಾದದ್ದು. ಈ ಎರಡು ತೀರ್ಪುಗಳನ್ನು ಜೊತೆಯಾಗಿಯೇ ಓದಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅನಂತರ ವಿಷಯವು ಕವಲೊಡೆಯುತ್ತ ಹೋಯಿತು: ಅಂಗಾಂಗ ಕಸಿ, ಭ್ರೂಣಲಿಂಗ ಪತ್ತೆ, ಔಷಧದ ಪೇಟೆಂಟು, ಮಾನಸಿಕ ಆರೋಗ್ಯ. 2017ರಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ವೈದ್ಯರು ಮುಷ್ಕರ ಹೂಡಿದಾಗ, ತರಗತಿಯಲ್ಲಿ ವೈದ್ಯರ ಮಕ್ಕಳೂ ಚಿಕಿತ್ಸೆಯ ಸಾಲ ತೀರಿಸುತ್ತಿದ್ದ ಮನೆಯ ಮಕ್ಕಳೂ ಎದುರುಬದುರಾಗಿ ವಾದಿಸಿದರು. 2020ರಲ್ಲಿಯಾದರೋ, ಮುಂಬಯಿಯ ಪ್ಲೇಗಿನ ಸಂದರ್ಭದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ನಾಲ್ಕಾರು ಕಲಮುಗಳನ್ನು ಮೊಬೈಲಿನ ಪರದೆಯಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು, ‘ಸರ್, ಸರ್ಕಾರದ ಅಧಿಕಾರವಿದೆ, ಶಿಕ್ಷೆಯಿದೆ, ಅಧಿಕಾರಿಗೆ ರಕ್ಷಣೆಯಿದೆ, ರೋಗಿಗೆ ಏನಿದೆ?’ ಎಂದು ಕೇಳಿದಳು. ನಮ್ಮ ಕಾಲದಲ್ಲಿ ಯಾರ ಬಾಯಿಂದಲೂ ಬಾರದಿದ್ದ ಪ್ರಶ್ನೆ ಅದು.

ಪುಸ್ತಕಕ್ಕಿಂತ ಹೆಚ್ಚಾಗಿ ನನಗೆ ಪ್ರಿಯವಾದ ಪಾಠವು ಆಸ್ಪತ್ರೆಯ ಜಗುಲಿಯದು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಶಸ್ತ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯಾಗದೆಂದು 2008ರ ಸಮೀರಾ ಕೋಹ್ಲಿ ಪ್ರಕರಣದಲ್ಲಿ ತೀರ್ಮಾನವಾದ ಮೇಲೆ, ನಾನು ವಿದ್ಯಾರ್ಥಿಗಳನ್ನು ಜಿಲ್ಲೆಯೊಂದರ ಆಸ್ಪತ್ರೆಗೆ ಕರೆದೊಯ್ದು ಅಲ್ಲಿನ ಒಪ್ಪಿಗೆ ಪತ್ರಗಳನ್ನು ಓದಿಸಿದೆನು. ಎಲ್ಲವೂ ಇಂಗ್ಲಿಷಿನಲ್ಲಿದ್ದವು, ಕೆಳಗೆ ಹೆಬ್ಬೆಟ್ಟುಗಳಿದ್ದವು. ಅಂದು ಆ ಹುಡುಗರು ಕನ್ನಡದಲ್ಲಿ ಬರೆದುಕೊಟ್ಟ ಪತ್ರವನ್ನು, ಶಸ್ತ್ರಕ್ರಿಯೆಯ ಅಪಾಯವೇನು, ಬೇರೆ ಮಾರ್ಗವೇನು, ಬೇಡವೆಂದರೆ ಏನಾಗುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದ ಒಂದೇ ಹಾಳೆಯನ್ನು, ಅಲ್ಲಿನ ಶಸ್ತ್ರವೈದ್ಯರು ತಿದ್ದಿ ಬಳಕೆಗೆ ತೆಗೆದುಕೊಂಡರು. ಅಂಥ ಹಾಳೆಯನ್ನು ಬರೆಯುವುದನ್ನು ಪ್ರತಿ ವರ್ಷದ ತರಗತಿಗೂ ಈಗ ಮೊದಲ ಅಭ್ಯಾಸವಾಗಿ ಕೊಡುತ್ತಿದ್ದೇನೆ.